ಅಂಚೆಯ ಲೆಕ್ಕದಲ್ಲಿ ತಲುಪಿದೆ, ಕಚೇರಿಯ ಲೆಕ್ಕದಲ್ಲಿ ಬಂದೇ ಇಲ್ಲ: ಅರ್ಜಿದಾರರು ಏನು ಮಾಡಬೇಕು?

ತಾಲ್ಲೂಕು ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ತಕರಾರು ಅರ್ಜಿ ಕಳುಹಿಸಿರುತ್ತೀರಿ. ಮೊಬೈಲಿನಲ್ಲಿ ನೋಡಿದರೆ ‘ಐಟಂ ಡೆಲಿವರ್ಡ್’ ಎಂದು ಬಂದಿರುತ್ತದೆ. ತಿಂಗಳು ಕಳೆದು ಕಚೇರಿಗೆ ಹೋದರೆ ವಿಷಯ ನಿರ್ವಾಹಕರು ನಾಲ್ಕು ಕಡತ ತಿರುವಿ ಹಾಕಿ, ಅಂಥ ಅರ್ಜಿ ಯಾವುದೂ ಬಂದಿಲ್ಲ ಎನ್ನುತ್ತಾರೆ. ಅಂಚೆ ಕಚೇರಿಗೆ ಹೋದರೆ ಅಲ್ಲಿಯವರು ಪರದೆ ತೋರಿಸಿ, ನಮ್ಮ ಕೆಲಸ ಮುಗಿದಿದೆ ಎನ್ನುತ್ತಾರೆ. ಅಷ್ಟರಲ್ಲಿ ಗಡುವು ದಾಟಿರುತ್ತದೆ.

ಇಂಥ ಸ್ಥಿತಿಯಲ್ಲಿ ಸರ್ಕಾರಿ ಕಚೇರಿಯ ಮೇಲೆ ಅನುಮಾನ ಹುಟ್ಟುವುದು ಸಹಜ, ನ್ಯಾಯವೂ ಹೌದು. ಪಿಂಚಣಿ, ಭೂಸ್ವಾಧೀನದ ಪರಿಹಾರ, ಖಾತೆ ಬದಲಾವಣೆ ಇವೆಲ್ಲ ಒಂದು ಲಕೋಟೆ ಯಾವ ತಾರೀಖಿಗೆ ಯಾರ ಕೈ ಸೇರಿತು ಎನ್ನುವುದರ ಮೇಲೆ ನಿಂತಿರುತ್ತವೆ. ಆದರೆ ಅನುಮಾನವನ್ನು ಬಾಯಿಮಾತಿನಲ್ಲಿ ಎತ್ತಿದರೆ ಅದು ಜಗಳವಾಗುತ್ತದೆ, ಬರಹದಲ್ಲಿ ಇಟ್ಟರೆ ಯಾರಾದರೊಬ್ಬರು ಸಹಿ ಹಾಕಿ ಉತ್ತರ ಕೊಡಲೇಬೇಕಾಗುತ್ತದೆ. ಪತ್ರ ಬರೆಯುವ ಹೊತ್ತಿನಿಂದ ಮೇಲ್ಮನವಿಯವರೆಗೆ ಆ ಬರಹವನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಅಂಚೆಗೆ ಹಾಕಲೇಬೇಕೇ ಎಂದು ಮೊದಲು ನೋಡಿ

ನೀವು ಕೇಳುತ್ತಿರುವುದು ಸಕಾಲ, ಅಂದರೆ ನಿಗದಿತ ದಿನಗಳೊಳಗೆ ಸೇವೆ ಕೊಡಬೇಕಾದ ರಾಜ್ಯದ ವ್ಯವಸ್ಥೆಯ ಪಟ್ಟಿಯಲ್ಲಿರುವ ಸೇವೆಯಾದರೆ ಅಂಚೆಯ ಗೋಜಿಗೇ ಹೋಗಬೇಡಿ. ಕೌಂಟರಿನಲ್ಲಿ ಕೊಟ್ಟು ಜಿಎಸ್‌ಸಿ ಸಂಖ್ಯೆ, ಅಂದರೆ ಸಕಾಲ ಅರ್ಜಿಯ ಗುರುತಿನ ಸಂಖ್ಯೆ ಇರುವ ಸ್ವೀಕೃತಿ ಪಡೆಯಿರಿ. ಉಳಿದ ಅರ್ಜಿಗಳಿಗೂ ಮುದ್ದಾಂ ಹೋಗಿ ಕೊಡಲು ಸಾಧ್ಯವಿದ್ದರೆ ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಖು, ಸಹಿ ಮೂರೂ ಬೀಳಬೇಕು. ಇದಕ್ಕಿಂತ ಗಟ್ಟಿಯಾದ ಪುರಾವೆಯನ್ನು ಯಾವ ಅಂಚೆ ಸೇವೆಯೂ ಕೊಡಲಾರದು.

ಕಚೇರಿ ದೂರವಿದ್ದಾಗ ಅಂಚೆ ಬೇಕಾಗುತ್ತದೆ. ಟಪಾಲು ಶಾಖೆಯವರು ಮೊಹರು ಹಾಕಲು ಒಲ್ಲೆ ಎಂದಾಗಲಂತೂ ಬೇಕೇ ಬೇಕು. ಹಾಗೆ ಅವರು ಒಲ್ಲೆ ಎಂದರೆ ಅದೇ ದಿನ ಅಂಚೆಗೆ ಹಾಕಿ. ‘ಈ ದಿನ ಖುದ್ದಾಗಿ ನೀಡಲು ಬಂದಾಗ ಸ್ವೀಕರಿಸದ ಕಾರಣ ಅಂಚೆ ಮೂಲಕ ಕಳುಹಿಸುತ್ತಿದ್ದೇನೆ’ ಎಂಬ ವಾಕ್ಯವನ್ನು ಅರ್ಜಿಯ ಮೊದಲ ಸಾಲಾಗಿ ಸೇರಿಸಿ.

ಲಕೋಟೆ ಅಂಟಿಸುವ ಮುನ್ನ

ವಿಳಾಸವನ್ನು ಹುದ್ದೆಯ ಹೆಸರಿಗೆ ಬರೆಯಿರಿ, ಅಧಿಕಾರಿಯ ಹೆಸರಿಗೆ ಬೇಡ. ವರ್ಗಾವಣೆಯಾದ ಅಧಿಕಾರಿಯ ಹೆಸರಿಗೆ ಬಂದ ಲಕೋಟೆ ಅವರ ಹೊಸ ಊರಿಗೆ ಹೋಗಬಹುದು, ನಿಮಗೇ ವಾಪಸು ಬರಬಹುದು. ಕಚೇರಿ, ಕೊಠಡಿ, ಮಹಡಿ, ಪಿನ್‌ಕೋಡ್ ಎಲ್ಲವೂ ಇರಲಿ. ಹಲವು ಇಲಾಖೆಗಳು ಒಂದೇ ಕಟ್ಟಡದಲ್ಲಿರುವ ಬೆಂಗಳೂರಿನ ಬಹುಮಹಡಿ ಕಟ್ಟಡ, ವಿಕಾಸಸೌಧದಂಥ ಕಡೆ ಇಲಾಖೆಯ ಹೆಸರು ಬಿಟ್ಟರೆ ಲಕೋಟೆ ಬಾಗಿಲವರೆಗೆ ಬಂದೂ ತಪ್ಪು ಮೇಜು ಸೇರುತ್ತದೆ.

ಅರ್ಜಿಯ ಕೊನೆಯಲ್ಲಿ ಲಗತ್ತುಗಳ ಪಟ್ಟಿ ಕೊಟ್ಟು ಒಟ್ಟು ಪುಟಗಳ ಸಂಖ್ಯೆ ಬರೆಯಿರಿ. ಲಕೋಟೆ ಬಂದಿತ್ತು, ಒಳಗೆ ದಾಖಲೆ ಇರಲಿಲ್ಲ ಎಂಬ ಉತ್ತರ ಬಾರದಂಥದ್ದೇನಲ್ಲ. ಅದಕ್ಕೆ ಎದುರಾಗಿ ನಿಮ್ಮ ಬಳಿ ಒಂದು ಮೌನಸಾಕ್ಷಿ ಇದೆ: ರಸೀದಿಯ ಮೇಲೆ ಅಚ್ಚಾಗುವ ತೂಕ. ಸಾಮಾನ್ಯವಾಗಿ ಬಳಸುವ 80 ಜಿಎಸ್‌ಎಂ ಎ4 ಹಾಳೆ ಒಂದಕ್ಕೆ 5 ಗ್ರಾಂ ತೂಗುತ್ತದೆ. 12 ಹಾಳೆ ಕಳುಹಿಸಿದ್ದರೆ ಕಾಗದವೇ 60 ಗ್ರಾಂ, ಮೇಲೆ ಲಕೋಟೆಯ ತೂಕ. ರಸೀದಿಯಲ್ಲಿ 68 ಗ್ರಾಂ ಎಂದು ಇರುವಾಗ, ಬಂದದ್ದು ಒಂದೇ ಹಾಳೆ ಎಂಬ ಮಾತು ನಿಲ್ಲುವುದಿಲ್ಲ.

ಒಂದೇ ಪುಟದ ನೋಟಿಸಾದರೆ ಲಕೋಟೆಯನ್ನೇ ಬಿಟ್ಟುಬಿಡಬಹುದು. ಹಾಳೆಯನ್ನು ಬರಹ ಒಳಮುಖವಾಗಿ ಮೂರು ಮಡಿಕೆ ಮಡಿಸಿ, ಅಂಟಿಸಿ, ಹೊರಬದಿಯಲ್ಲಿ ವಿಳಾಸ ಬರೆದರೆ ಬಾರ್‌ಕೋಡ್ ಅದೇ ಹಾಳೆಯ ಬೆನ್ನಿಗೆ ಅಂಟುತ್ತದೆ. ಆಮೇಲೆ ಲಕೋಟೆ ಬೇರೆ, ಪತ್ರ ಬೇರೆ ಎನ್ನಲು ಬರುವುದಿಲ್ಲ.

ಮಾಹಿತಿ ಹಕ್ಕು ಅರ್ಜಿಯಾದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಡುತ್ತೀರಿ. ಅದರ ಸಂಖ್ಯೆಯನ್ನು ಅರ್ಜಿಯೊಳಗೂ ಬರೆಯಿರಿ, ಅರ್ಧಚೀಟಿಯನ್ನು ಎತ್ತಿಡಿ. ಅರ್ಜಿ ಬಂದಿಲ್ಲ ಎನ್ನುವ ಕಚೇರಿ ಆ ಪೋಸ್ಟಲ್ ಆರ್ಡರನ್ನು ನಗದಾಗಿಸಿಕೊಂಡಿದೆ ಎಂದು ಗೊತ್ತಾದರೆ ಬೇರೆ ಪುರಾವೆಯೇ ಬೇಕಿಲ್ಲ.

ಕೌಂಟರಿನಲ್ಲಿ

2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಸ್ಪೀಡ್ ಪೋಸ್ಟಿನೊಳಗೆ ವಿಲೀನಗೊಳಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಬಂದ ದರದಲ್ಲಿ 50 ಗ್ರಾಂವರೆಗಿನ ಪತ್ರಕ್ಕೆ ಸ್ಥಳೀಯವಾಗಿ 19 ರೂಪಾಯಿ, ಹೊರಗಿನ ಊರುಗಳಿಗೆ 47 ರೂಪಾಯಿ, ಜಿಎಸ್‌ಟಿ ಬೇರೆ. ಹಳೆಯ ರಿಜಿಸ್ಟರ್ಡ್ ಪೋಸ್ಟಿನ ಗುಣ, ಅಂದರೆ ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಬಟವಾಡೆ ಮಾಡುವುದು, ಈಗ ತಾನಾಗಿ ಸಿಗುವುದಿಲ್ಲ. 5 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟು ‘ನೋಂದಣಿ’ ಬೇಕೆಂದು ಕೇಳಬೇಕು. ಅದರ ಜೊತೆಗೆ ಬಟವಾಡೆಯ ಪುರಾವೆ, ಅಂದರೆ ಪ್ರೂಫ್ ಆಫ್ ಡೆಲಿವರಿಯನ್ನೂ ಕೇಳಿ. ಸುಮ್ಮನೆ ಸ್ಪೀಡ್ ಪೋಸ್ಟ್ ಎಂದರೆ ಇವೆರಡೂ ಬಿಟ್ಟುಹೋಗುತ್ತವೆ. ಒಟಿಪಿ ಕೊಟ್ಟರಷ್ಟೇ ಬಟವಾಡೆ ಎಂಬ ಸೌಲಭ್ಯವೂ ಇದೆ. ಮನೆ ವಿಳಾಸಕ್ಕೆ ಅದು ಒಳ್ಳೆಯದು, ಸರ್ಕಾರಿ ಕಚೇರಿಗೆ ಬೇಡ. ಆ ಒಟಿಪಿ ಯಾರ ಮೊಬೈಲಿಗೆ ಹೋಗಬೇಕು? ಆ ಕಾರಣಕ್ಕೇ ಪತ್ರ ವಾಪಸು ಬಂದೀತು.

ರಸೀದಿ ಕೈಗೆ ಬಂದ ಕೂಡಲೇ ಕೌಂಟರ್ ಬಿಟ್ಟು ಹೊರಡಬೇಡಿ. ಲಕೋಟೆಯ ಬಾರ್‌ಕೋಡ್ ಚೀಟಿಯ ಸಂಖ್ಯೆಯೂ ರಸೀದಿಯ ಸಂಖ್ಯೆಯೂ ಒಂದೇ ಇವೆಯೇ ಎಂದು ಹೋಲಿಸಿ ನೋಡಿ. ಒಂದೇ ಸಲ ಮೂರು ನಾಲ್ಕು ಲಕೋಟೆ ಬುಕ್ ಮಾಡಿಸುವಾಗ ಚೀಟಿಗಳು ಅದಲುಬದಲಾಗುತ್ತವೆ. ತುಮಕೂರಿಗೆ ಹೋಗಬೇಕಾದ ಪತ್ರ ಪರದೆಯ ಮೇಲೆ ಹಾಸನದಲ್ಲಿ ಬಟವಾಡೆಯಾಗಿರುವುದಕ್ಕೆ ಬಹಳ ಸಲ ಇದೇ ಕಾರಣ. ಲಕೋಟೆಯ ಪಕ್ಕದಲ್ಲಿ ರಸೀದಿ ಇಟ್ಟು ಎರಡೂ ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳಿ. ರಸೀದಿಯ ಥರ್ಮಲ್ ಕಾಗದ ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಜೆರಾಕ್ಸನ್ನೂ ಮಾಡಿಸಿಡಿ.

ರಸೀದಿ ಮಾಸಿ ಒಂದು ಅಂಕಿ ಓದಲಾಗದಿದ್ದರೂ ದಾರಿಯಿದೆ. ಸಂಖ್ಯೆಯಲ್ಲಿ ಎರಡು ಅಕ್ಷರ, 9 ಅಂಕಿ, ಕೊನೆಗೆ ‘ಐಎನ್’ ಇರುತ್ತವೆ. ಒಂಬತ್ತನೆಯ ಅಂಕಿ ಮೊದಲ ಎಂಟರಿಂದ ಲೆಕ್ಕ ಹಾಕಿ ಬಂದದ್ದು. ಎಂಟು ಅಂಕಿಗಳನ್ನು ಎಡದಿಂದ ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ. ಮೊತ್ತವನ್ನು 11ರಿಂದ ಭಾಗಿಸಿ, ಬಂದ ಶೇಷವನ್ನು 11ರಲ್ಲಿ ಕಳೆಯಿರಿ. ಉತ್ತರ 10 ಬಂದರೆ ಅಂಕಿ 0, 11 ಬಂದರೆ 5. ಉದಾಹರಣೆಗೆ 10203040ಕ್ಕೆ ಮೊತ್ತ 61, ಶೇಷ 6, ಒಂಬತ್ತನೆಯ ಅಂಕಿ 5. ಮಾಸಿದ ಜಾಗಕ್ಕೆ 0ಯಿಂದ 9ರವರೆಗೆ ಹಾಕಿ ನೋಡಿದರೆ ಯಾವುದು ಹೊಂದುತ್ತದೆ ಎಂದು ಹೆಚ್ಚಿನ ಸಲ ತಿಳಿಯುತ್ತದೆ; ಒಂಬತ್ತನೆಯ ಅಂಕಿ 5 ಆಗಿದ್ದರೆ ಮಾತ್ರ ಎರಡು ಅಂಕಿಗಳು ಹೊಂದಬಹುದು.

ಟ್ರ್ಯಾಕಿಂಗ್ ಓದುವ ಬಗೆ

‘ಡೆಲಿವರ್ಡ್’ ಎಂಬ ಒಂದೇ ಪದ ನೋಡಿ ಸಮಾಧಾನ ಪಡಬೇಡಿ. ಪೂರ್ತಿ ಪಟ್ಟಿ ತೆರೆದು ಪ್ರತಿ ಸಾಲಿನ ತಾರೀಖು, ಗಂಟೆ, ಅಂಚೆ ಕಚೇರಿಯ ಹೆಸರು ನೋಡಿ. ಮೊದಲು ನೋಡಬೇಕಾದದ್ದು ಬಟವಾಡೆ ಮಾಡಿದ ಅಂಚೆ ಕಚೇರಿ ಯಾವುದೆಂದು. ನೀವು ಬರೆದ ಪಿನ್‌ಕೋಡಿನ ಕಚೇರಿಯೇ ಅಲ್ಲಿರಬೇಕು. ಬೇರೆ ಹೆಸರಿದ್ದರೆ ಪತ್ರ ದಾರಿ ತಪ್ಪಿದೆ, ಅಥವಾ ಬುಕಿಂಗ್ ಮಾಡುವಾಗ ಪಿನ್‌ಕೋಡ್ ತಪ್ಪಾಗಿ ನಮೂದಾಗಿದೆ. ರಸೀದಿಯ ಮೇಲಿನ ಪಿನ್‌ಕೋಡ್ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಆಮೇಲೆ ಗಂಟೆಗಳನ್ನು ನೋಡಿ. ಬಟವಾಡೆಗೆ ಹೊರಟದ್ದು 9:42, ಬಟವಾಡೆಯಾದದ್ದು 9:44 ಎಂದಿದ್ದರೆ ಪೋಸ್ಟ್‌ಮ್ಯಾನ್ ಎರಡು ನಿಮಿಷದಲ್ಲಿ ನಿಮ್ಮ ಕಚೇರಿ ಮುಟ್ಟಿರುವುದು ಕಷ್ಟ. ಭಾನುವಾರ ಸಂಜೆ ಸರ್ಕಾರಿ ಕಚೇರಿಯಲ್ಲಿ ಬಟವಾಡೆಯಾಗಿದೆ ಎಂದರೂ ಹಾಗೆಯೇ. ಇಂಥ ವ್ಯತ್ಯಾಸ ಕಂಡ ತಕ್ಷಣ ಪಿತೂರಿ ಎನ್ನಲು ಹೋಗಬೇಡಿ. ಪರದೆಯ ಮೇಲಿನ ಗಂಟೆ ಯಾರೋ ಅದನ್ನು ನಮೂದಿಸಿದ ಗಂಟೆ. ದೊಡ್ಡ ಕಚೇರಿಗೆ ಪೋಸ್ಟ್‌ಮ್ಯಾನ್ ಒಯ್ಯುವುದು ಕಟ್ಟುಗಟ್ಟಲೆ ಪತ್ರ.

ಒಂದು ತಾಲ್ಲೂಕು ಕಚೇರಿಯ ಟಪಾಲು ಶಾಖೆಯಲ್ಲಿ ಕುಳಿತು ಅದನ್ನು ನೋಡಿದ್ದೇನೆ. ರಬ್ಬರ್ ಬ್ಯಾಂಡ್ ಸುತ್ತಿದ ಕಟ್ಟು ಮೇಜಿನ ಮೇಲೆ ಬಿತ್ತು. ಪೋಸ್ಟ್‌ಮ್ಯಾನ್ ಪಟ್ಟಿ ಮುಂದಿಟ್ಟರು. ಗುಮಾಸ್ತೆ ಕಟ್ಟನ್ನು ಬಿಚ್ಚದೆ, ಎಣಿಸದೆ, ಪಟ್ಟಿಯ ಕೆಳಗೆ ಒಂದು ಸಹಿ ಹಾಕಿ ಮೊಹರು ಒತ್ತಿದರು. ಕಟ್ಟು ಬಿಚ್ಚಿದ್ದು ಊಟದ ನಂತರ. ಆ ಒಂದು ಸಹಿಯೇ ಪಟ್ಟಿಯಲ್ಲಿದ್ದ ಎಲ್ಲ ಪತ್ರಗಳಿಗೂ ಬಟವಾಡೆಯ ಪುರಾವೆ. ಕಟ್ಟಿನಲ್ಲಿ ಒಂದು ಪತ್ರ ಕಡಿಮೆ ಇದ್ದಿದ್ದರೂ ಆ ಹೊತ್ತಿಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಬ್ಬರೂ ಕೆಲಸದ ಒತ್ತಡದಲ್ಲಿ ಮಾಡಿದ್ದು ಅದು, ಆದರೆ ಅದರ ಬೆಲೆ ತೆರುವವರು ಅರ್ಜಿದಾರರು.

ಅಂಚೆ ಇಲಾಖೆಯ ಹೊಸ ತಂತ್ರಾಂಶ 2025ರ ಮೇ, ಜೂನ್‌ನಲ್ಲಿ ಕರ್ನಾಟಕ ವೃತ್ತದಲ್ಲೇ ಮೊದಲು ಪ್ರಾಯೋಗಿಕವಾಗಿ ಬಂದು, ಆಗಸ್ಟ್‌ನಲ್ಲಿ ದೇಶಕ್ಕೆಲ್ಲ ಹರಡಿತು. ಆ ಹೊರಳುವಿಕೆಯ ದಿನಗಳಲ್ಲಿ ಹಾಕಿದ ಪತ್ರದ ಬಗ್ಗೆ ತಕರಾರಿದ್ದರೆ ಪರದೆಯೊಂದನ್ನೇ ನೆಚ್ಚಿಕೊಳ್ಳದೆ ಕಾಗದದ ದಾಖಲೆ ಕೇಳಿ.

ಬಟವಾಡೆ ತೋರಿಸಿದ ದಿನವೇ ಆ ಪುಟವನ್ನು ಪಿಡಿಎಫ್ ಆಗಿ ಉಳಿಸಿ, ಮುದ್ರಿಸಿ. ಟ್ರ್ಯಾಕಿಂಗ್ ವಿವರ ತಾಣದಲ್ಲಿ ವರ್ಷಗಟ್ಟಲೆ ಇರುವುದಿಲ್ಲ.

ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆ

ನನ್ನ ಅರ್ಜಿ ಏನಾಯಿತು ಎಂದು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ. ವಿಷಯ ನಿರ್ವಾಹಕರ ಬಳಿ ಹೋಗುವ ಮೊದಲು ಟಪಾಲು ಶಾಖೆಗೆ ಹೋಗಿ, ಬಟವಾಡೆಯ ತಾರೀಖು ಹೇಳಿ, ಆ ದಿನದ ಮತ್ತು ಮುಂದಿನ ಮೂರು ನಾಲ್ಕು ದಿನಗಳ ಆವಕ ವಹಿಯಲ್ಲಿ, ಅಂದರೆ ಬಂದ ಪತ್ರಗಳನ್ನು ನಮೂದಿಸುವ ಪುಸ್ತಕದಲ್ಲಿ ನೋಡಿಸಿ. ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಇರುವ ಕಡೆ ಟಪಾಲಿಗೆ ಸ್ವೀಕೃತಿ ಸಂಖ್ಯೆ ಬಿದ್ದಿರುತ್ತದೆ, ಕಳುಹಿಸಿದವರ ಹೆಸರಿನಿಂದ ಹುಡುಕಬಹುದು. ಹೆಚ್ಚಿನ ಪ್ರಕರಣಗಳು ಇಲ್ಲಿಯೇ ಬಗೆಹರಿಯುತ್ತವೆ. ಪತ್ರ ಬಂದಿರುತ್ತದೆ, ಬೇರೆ ಶಾಖೆಗೆ ಗುರುತಾಗಿ ಅಲ್ಲೇ ಉಳಿದಿರುತ್ತದೆ. ಆವಕ ಸಂಖ್ಯೆ ಸಿಕ್ಕಿದರೆ ಬರೆದುಕೊಳ್ಳಿ. ಇನ್ನು ಮುಂದಿನ ಎಲ್ಲ ಪತ್ರಗಳಲ್ಲೂ ಅದೇ ನಿಮ್ಮ ಉಲ್ಲೇಖ.

ಸಿಗದಿದ್ದರೆ ವಾದಕ್ಕೆ ನಿಲ್ಲಬೇಡಿ. ಮೂಲ ಅರ್ಜಿಯ ಪ್ರತಿ, ರಸೀದಿಯ ಪ್ರತಿ, ಟ್ರ್ಯಾಕಿಂಗ್ ಪುಟ ಮೂರನ್ನೂ ಲಗತ್ತಿಸಿ ಕಚೇರಿಯ ಮುಖ್ಯಸ್ಥರಿಗೆ ಅರ್ಧ ಪುಟದ ಪತ್ರ ಬರೆದು ಅಲ್ಲಿಯೇ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಅದರಲ್ಲಿ ಈ ಮಾತು ಇರಲಿ: ‘ಸದರಿ ಅರ್ಜಿಯು ಅಂಚೆ ದಾಖಲೆಯಂತೆ ಈ ದಿನಾಂಕದಂದು ತಮ್ಮ ಕಚೇರಿಗೆ ತಲುಪಿದ್ದು, ಆ ದಿನಾಂಕದಿಂದಲೇ ಸ್ವೀಕೃತವಾಗಿದೆಯೆಂದು ಪರಿಗಣಿಸಬೇಕಾಗಿ ಕೋರಿಕೆ.’ ಹೊಸ ಅರ್ಜಿಯನ್ನೇ ಕೊಡಿ, ಮುಗಿಯಿತು ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪುವ ಮೊದಲು ಯೋಚಿಸಿ. ಹೊಸ ಅರ್ಜಿಗೆ ಹೊಸ ತಾರೀಖು ಬೀಳುತ್ತದೆ. ಗಡುವು ದಾಟಿದ್ದರೆ ನಿಮ್ಮ ಕೈಯಾರೆ ನಿಮ್ಮ ಹಕ್ಕನ್ನು ಬಿಟ್ಟುಕೊಟ್ಟಂತಾಗುತ್ತದೆ.

ಅಂಚೆ ಇಲಾಖೆಯಿಂದ ಉತ್ತರ ಪಡೆಯುವುದು

ಮೊದಲು ಅಂಚೆ ಇಲಾಖೆಯ ತಾಣದಲ್ಲಿ ಅಥವಾ 1800 266 6868 ಸಂಖ್ಯೆಯಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಪಡೆಯಿರಿ. ‘ಪತ್ರ ಬಟವಾಡೆಯಾಗಿದೆ’ ಎಂಬ ಒಂದು ಸಾಲಿನ ಉತ್ತರ ಕೊಟ್ಟು ದೂರು ಮುಚ್ಚುವ ಸಾಧ್ಯತೆ ಹೆಚ್ಚು. ಅದರಿಂದ ಎದೆಗುಂದಬೇಡಿ, ಆ ಉತ್ತರವೂ ಒಂದು ದಾಖಲೆ. ಅಂಚೆ ಇಲಾಖೆ ತಲುಪಿಸಿದೆ ಎಂದು ಲಿಖಿತವಾಗಿ ಹೇಳಿದ ಮೇಲೆ ಉತ್ತರ ಹೇಳುವ ಹೊಣೆ ಕಚೇರಿಯ ಮೇಲೆ ಬೀಳುತ್ತದೆ.

ಸಹಿ ಯಾರದು ಎಂದು ತಿಳಿಯಬೇಕಾದರೆ ಮಾಹಿತಿ ಹಕ್ಕಿನ ದಾರಿಯೇ ಸರಿ. ಅಂಚೆ ಕೇಂದ್ರದ ಇಲಾಖೆಯಾದ್ದರಿಂದ ಕೇಂದ್ರದ ಆರ್‌ಟಿಐ ಆನ್‌ಲೈನ್ ತಾಣದಲ್ಲೇ 10 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು. ಬಟವಾಡೆ ಮಾಡಿದ ಅಂಚೆ ಕಚೇರಿ ಯಾವ ಅಂಚೆ ವಿಭಾಗಕ್ಕೆ ಸೇರಿದೆಯೋ ಆ ವಿಭಾಗವನ್ನು ಆರಿಸಿ. ಹೀಗೆ ಕೇಳಿ: ಈ ಸಂಖ್ಯೆಯ ಸ್ಪೀಡ್ ಪೋಸ್ಟನ್ನು ಈ ದಿನಾಂಕದಂದು ಬಟವಾಡೆ ಮಾಡಿದ ಪಟ್ಟಿಯ, ಸ್ವೀಕರಿಸಿದವರ ಸಹಿ ಮತ್ತು ಮೊಹರು ಇರುವ ಪುಟದ ದೃಢೀಕೃತ ಪ್ರತಿ. ಏಕೆ ತಡವಾಯಿತು, ಯಾರ ತಪ್ಪು ಎಂಬಂಥ ಪ್ರಶ್ನೆ ಹಾಕಬೇಡಿ, ಅದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ ಎಂದು ತಳ್ಳಿಹಾಕುತ್ತಾರೆ. ಕಚೇರಿಯ ಮೊಹರಿರುವ ಪಟ್ಟಿ ಕೈಗೆ ಬಂದರೆ ಜಗಳ ಅಲ್ಲಿಗೆ ಮುಗಿಯಿತು. ಮೊಹರು ಬೇರೆ ಕಚೇರಿಯದಾಗಿದ್ದರೆ, ಸಹಿಯೇ ಇಲ್ಲದಿದ್ದರೆ, ತಪ್ಪು ಅಂಚೆಯ ಕಡೆಯದು. ಆಗ ಕೇಂದ್ರದ ಕುಂದುಕೊರತೆ ದೂರುಗಳ ತಾಣವಾದ ಸಿಪಿಗ್ರಾಮ್ಸ್‌ನಲ್ಲಿ ಆ ಪ್ರತಿಯನ್ನು ಲಗತ್ತಿಸಿ ದೂರು ಕೊಡಿ. 2024ರ ಆಗಸ್ಟ್‌ನಿಂದ ಅಲ್ಲಿ ದೂರು ವಿಲೇವಾರಿಗೆ 21 ದಿನಗಳ ಗಡುವಿದೆ, ಉತ್ತರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಅವಕಾಶವಿದೆ.

ಕಳೆದುಹೋದದ್ದು ಮಾಹಿತಿ ಹಕ್ಕು ಅರ್ಜಿಯೇ ಆಗಿದ್ದರೆ

ಇಲ್ಲಿ ತಾರೀಖುಗಳ ಲೆಕ್ಕ ಸೂಕ್ಷ್ಮ. ಮಾಹಿತಿ ಹಕ್ಕು ಅಧಿನಿಯಮ 2005ರ 7(1)ನೇ ಪ್ರಕರಣದಂತೆ ಅರ್ಜಿ ಸ್ವೀಕರಿಸಿದ 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ 7(2)ರಂತೆ ನಿರಾಕರಿಸಿದ್ದಾರೆ ಎಂದೇ ಅರ್ಥ. ಮುಂದಿನ 30 ದಿನಗಳಲ್ಲಿ 19(1)ರಡಿ ಮೊದಲ ಮೇಲ್ಮನವಿ ಸಲ್ಲಿಸಬೇಕು.

ಟ್ರ್ಯಾಕಿಂಗ್ ಪ್ರಕಾರ ಅರ್ಜಿ ಮಾರ್ಚ್ 3ಕ್ಕೆ ತಲುಪಿದೆ, ಕಚೇರಿಯ ಮೊಹರು ಮಾರ್ಚ್ 17 ಎನ್ನುತ್ತದೆ ಎಂದುಕೊಳ್ಳಿ. ಅಂಚೆಯ ಲೆಕ್ಕದಲ್ಲಿ 30 ದಿನ ಏಪ್ರಿಲ್ 2ಕ್ಕೆ ಮುಗಿಯುತ್ತದೆ, ಮೇಲ್ಮನವಿಗೆ ಮೇ 2 ಕೊನೆ. ಕಚೇರಿಯ ಲೆಕ್ಕದಲ್ಲಿ 30 ದಿನ ಮುಗಿಯುವುದೇ ಏಪ್ರಿಲ್ 16ಕ್ಕೆ. ಏಪ್ರಿಲ್ 17ರಿಂದ ಮೇ 2ರೊಳಗೆ ಮೇಲ್ಮನವಿ ಹಾಕಿದರೆ ಯಾವ ಲೆಕ್ಕದಲ್ಲೂ ಅದು ಬೇಗ ಆಯಿತು ಅಥವಾ ತಡವಾಯಿತು ಎನ್ನಲು ಬರುವುದಿಲ್ಲ. ಎರಡು ತಾರೀಖುಗಳ ಗೊಂದಲ ಇರುವಲ್ಲೆಲ್ಲ ಇದೇ ಕ್ರಮ ಅನುಸರಿಸಿ: ಎರಡೂ ಲೆಕ್ಕಗಳು ಒಪ್ಪುವ ಕಾಲಾವಕಾಶ ಹುಡುಕಿ, ಅದರೊಳಗೆ ಕೆಲಸ ಮುಗಿಸಿ.

ಮೇಲ್ಮನವಿ ಅಧಿಕಾರಿ 30 ದಿನಗಳಲ್ಲಿ, ಕಾರಣ ಬರೆದು ಹೆಚ್ಚೆಂದರೆ 45 ದಿನಗಳಲ್ಲಿ ತೀರ್ಮಾನಿಸಬೇಕು. ಅಲ್ಲಿಯೂ ಕೆಲಸವಾಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಬೆಂಗಳೂರಿನ ಜೊತೆಗೆ ಬೆಳಗಾವಿ, ಕಲಬುರಗಿಗಳಲ್ಲೂ ಆಯೋಗದ ಪೀಠಗಳಿವೆ. ಸಕಾರಣವಿಲ್ಲದೆ ಅರ್ಜಿ ಸ್ವೀಕರಿಸದ ಅಥವಾ ತಡ ಮಾಡಿದ ಅಧಿಕಾರಿಗೆ 20ನೇ ಪ್ರಕರಣದಡಿ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಬೀಳಬಹುದು. ಬಟವಾಡೆ ಪಟ್ಟಿಯ ದೃಢೀಕೃತ ಪ್ರತಿಯನ್ನು ಮುಂದಿಟ್ಟು ಈ ಪ್ರಕರಣ ಉಲ್ಲೇಖಿಸಿದರೆ ‘ಬಂದಿಲ್ಲ’ ಎಂಬ ಮಾತು ಮುಂದುವರಿಯುವುದು ಅಪರೂಪ.

ನ್ಯಾಯಾಲಯದವರೆಗೆ ಹೋದರೆ

1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಪ್ರಕರಣ ನಿಮ್ಮ ಪರ. ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ನೋಂದಾಯಿತ ಅಂಚೆಯಲ್ಲಿ ಹಾಕಿದ ಪತ್ರ ಮಾಮೂಲು ಅವಧಿಯಲ್ಲಿ ತಲುಪಿದೆ ಎಂದೇ ಕಾನೂನು ಭಾವಿಸುತ್ತದೆ. ತಲುಪಿಲ್ಲ ಎಂದು ಸಾಬೀತುಪಡಿಸುವ ಹೊರೆ ಎದುರು ಪಕ್ಷದ್ದು. ‘ನೋಂದಣಿ’ಗೆ ಕೊಡುವ ಆ 5 ರೂಪಾಯಿಯನ್ನು ಉಳಿಸಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ. ಟ್ರ್ಯಾಕಿಂಗ್ ಪುಟ ವಿದ್ಯುನ್ಮಾನ ದಾಖಲೆ. ಬರೀ ಮುದ್ರಿತ ಪ್ರತಿ ಹಾಜರುಪಡಿಸಿದರೆ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಪ್ರಕರಣದ ಪ್ರಮಾಣಪತ್ರ ಜೊತೆಗಿರಬೇಕು. ಅದನ್ನು ನಿಮ್ಮ ವಕೀಲರಿಗೆ ಮೊದಲೇ ನೆನಪಿಸಿ.

ನೋಟಿಸು ನಿಮಗೇ ಬಂದಿದೆ ಎಂದು ಅವರು ಹೇಳಿದಾಗ

ಇದೇ 27ನೇ ಪ್ರಕರಣ ನಿಮ್ಮ ವಿರುದ್ಧವೂ ನಡೆಯುತ್ತದೆ. ಕಚೇರಿ ನೋಟಿಸು ಕಳುಹಿಸಿದೆ, ಟ್ರ್ಯಾಕಿಂಗಿನಲ್ಲಿ ‘ವಿಳಾಸದಾರರು ನಿರಾಕರಿಸಿದರು’ ಅಥವಾ ‘ಬಾಗಿಲು ಬೀಗ’ ಎಂದು ಇದೆ, ನಿಮಗೆ ವಿಷಯವೇ ಗೊತ್ತಿಲ್ಲ. ಅಷ್ಟರಲ್ಲಿ ಏಕಪಕ್ಷೀಯ ಆದೇಶ ಬಂದಿರುತ್ತದೆ. ನಿರಾಕರಿಸಿದ ನೋಟಿಸನ್ನು ನ್ಯಾಯಾಲಯಗಳು ಜಾರಿಯಾದಂತೆಯೇ ಪರಿಗಣಿಸುತ್ತವೆ. ಹಾಗಾಗಿ ನಾನು ನೋಡಿಲ್ಲ ಎಂಬ ಹೇಳಿಕೆಯೊಂದೇ ಸಾಕಾಗುವುದಿಲ್ಲ.

ಆ ಕಚೇರಿಯ ಕಡತದಲ್ಲಿ ವಾಪಸು ಬಂದ ಲಕೋಟೆ ಇರಲೇಬೇಕು. ಅದರ ಎರಡೂ ಬದಿಯ ದೃಢೀಕೃತ ಪ್ರತಿ ಕೇಳಿ. ಪೋಸ್ಟ್‌ಮ್ಯಾನ್ ಅದರ ಮೇಲೆ ಬರೆದ ಷರಾ, ತಾರೀಖು, ಮೊಹರನ್ನು ಟ್ರ್ಯಾಕಿಂಗಿನ ಸಾಲುಗಳ ಪಕ್ಕ ಇಟ್ಟು ನೋಡಿ. ಪರದೆಯಲ್ಲಿ ‘ನಿರಾಕರಣೆ’, ಲಕೋಟೆಯ ಮೇಲೆ ‘ಊರಿನಲ್ಲಿಲ್ಲ’ ಎಂದಿದ್ದರೆ ಆ ವ್ಯತ್ಯಾಸವೇ ನಿಮ್ಮ ವಾದದ ಮೊದಲ ಅಂಶ. ವಿಳಾಸದಲ್ಲಿ ಮನೆ ಸಂಖ್ಯೆ ಬಿಟ್ಟಿದ್ದರೆ ‘ಸರಿಯಾದ ವಿಳಾಸ’ ಎಂಬ ಷರತ್ತೇ ಪೂರೈಸಿಲ್ಲ. ಆ ದಿನ ನೀವು ಬೇರೆಡೆ ಇದ್ದಿರಿ ಎಂಬುದಕ್ಕೆ ಆಸ್ಪತ್ರೆಯ ಬಿಡುಗಡೆ ಪತ್ರವೋ ರೈಲು ಟಿಕೆಟ್ಟೋ ಇದ್ದರೆ ಸೇರಿಸಿ. ‘ವಿಳಾಸದಾರರಿಗೆ ಬಟವಾಡೆಯಾಗಿದೆ’ ಎಂದಿದ್ದು ಸಹಿ ನಿಮ್ಮದಲ್ಲದಿದ್ದರೆ, ಮೇಲೆ ಹೇಳಿದಂತೆ ಬಟವಾಡೆ ದಾಖಲೆಯ ಪ್ರತಿಯನ್ನು ಅಂಚೆ ಇಲಾಖೆಯಿಂದ ತರಿಸಿ.

ಮನೆ ಬದಲಿಸುವವರು ಹಳೆಯ ವಿಳಾಸದ ಅಂಚೆ ಕಚೇರಿಗೆ ಪತ್ರಗಳನ್ನು ಹೊಸ ವಿಳಾಸಕ್ಕೆ ತಿರುಗಿಸುವಂತೆ ಲಿಖಿತ ಕೋರಿಕೆ ಕೊಡಿ. ನಿಮ್ಮ ಪ್ರಕರಣ ನಡೆಯುತ್ತಿರುವ ಪ್ರತಿ ಕಚೇರಿಗೂ ಹೊಸ ವಿಳಾಸವನ್ನು ಕಡತದ ಸಂಖ್ಯೆ ನಮೂದಿಸಿ ಪ್ರತ್ಯೇಕ ಪತ್ರದಲ್ಲಿ ತಿಳಿಸಿ, ಆ ಪತ್ರಕ್ಕೂ ಮೊಹರು ಬಿದ್ದ ಪ್ರತಿ ಇಟ್ಟುಕೊಳ್ಳಿ. ಆಧಾರ್‌ನಲ್ಲಿ ವಿಳಾಸ ಬದಲಿಸಿದರೆ ತಹಶೀಲ್ದಾರರ ಕಡತದಲ್ಲಿ ಅದು ತಾನಾಗಿ ಬದಲಾಗುವುದಿಲ್ಲ.